ಕಾರ್ಖಾನೆಯ ಗಾಳಿಗೂ ಬೇಕು ಲೆಕ್ಕಪರಿಶೋಧನೆ

ತಾಳೆಪಟ್ಟಿ ಹೊಂದದಿದ್ದಾಗ ವ್ಯತ್ಯಾಸದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ನಿಶ್ಚಿಂತರಾಗುವ ಗುಮಾಸ್ತರನ್ನು ನಾವೆಲ್ಲರೂ ಕಂಡಿದ್ದೇವೆ. ತಪ್ಪಿನ ಮೂಲವನ್ನು ವೋಚರಿನವರೆಗೂ ಹುಡುಕಿಕೊಂಡು ಹೋಗುವವನೇ ನಿಜವಾದ ಲೆಕ್ಕಿಗ. ನಮ್ಮ ಸಣ್ಣ ಕೈಗಾರಿಕೆಗಳ ಒಳಗಿನ ಗಾಳಿಗೂ ಇದೇ ನ್ಯಾಯ ಅನ್ವಯಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಕೆಲ ಕಾಲದ ಹಿಂದೆ ದಾಸ್ತಾನು ಪರಿಶೀಲನೆಗಾಗಿ ಬೆಂಗಳೂರಿನ ಘಟಕವೊಂದಕ್ಕೆ ಹೋಗಿದ್ದೆ. ಡೀಸೆಲ್ ಜನರೇಟರ್ ಓಡಿದ ದಿನಗಳಲ್ಲೆಲ್ಲ ಅಲ್ಲಿನ ಕಚೇರಿಯ ಸಿಬ್ಬಂದಿಗೆ ಕಣ್ಣುರಿ, ಕೆಮ್ಮು ಕಾಣಿಸುತ್ತಿತ್ತು. ಮಾಲೀಕರು ಗಾಳಿ ಶುದ್ಧೀಕರಿಸುವ ನಾಲ್ಕು ಯಂತ್ರಗಳಿಗೆ ಕೊಟೇಶನ್ ತರಿಸಿದ್ದರು. ಅಷ್ಟರಲ್ಲಿ ಸಲಹೆಗಾರರೊಬ್ಬರು ಅತಿಸೂಕ್ಷ್ಮ ಕಣಗಳನ್ನು ಎಣಿಸುವ ಕೈಯಂತ್ರವೊಂದನ್ನು ತಂದರು. ಜನರೇಟರ್ ಓಡುತ್ತಿರುವಾಗಲೇ, ಮೊದಲು ಹೊರಗಿನ ಗಾಳಿಯ ಎಣಿಕೆಯನ್ನು ಬರೆದುಕೊಂಡು, ಅನಂತರ ಒಳಗೆ ಅಂಕಿ ಏರಿದ ದಿಕ್ಕಿನಲ್ಲಿ ಹೆಜ್ಜೆ ಹಾಕಿದರು. ಕೇಬಲ್ಲುಗಳು ಗೋಡೆ ದಾಟುವ ರಂಧ್ರದ ಬಳಿ ಎಣಿಕೆ ಹಲವು ಪಟ್ಟು ಹೆಚ್ಚಿತು. ಗೋಡೆಯ ಆಚೆಗಿದ್ದುದು ಜನರೇಟರ್ ಕೊಠಡಿ. ಅಲ್ಲಿ ಹೊಗೆ ಕೊಳವೆಯ ಜೋಡಣೆ ಸಡಿಲಗೊಂಡಿತ್ತು. ಜೋಡಣೆಯನ್ನು ಸರಿಪಡಿಸಿ, ರಂಧ್ರವನ್ನು ಮುಚ್ಚಿ, ಮತ್ತೆ ಎಣಿಸಿದಾಗ ಅಂಕಿ ಹೊರಗಿನ ಮಟ್ಟಕ್ಕೆ ಇಳಿಯಿತು. ತಗುಲಿದ ವೆಚ್ಚ ಒಂದು ಶುದ್ಧೀಕರಣ ಯಂತ್ರದ ಬೆಲೆಗಿಂತಲೂ ಕಡಿಮೆ.

ಅತಿಸೂಕ್ಷ್ಮ ಕಣಗಳೆಂದರೆ 0.1 ಮೈಕ್ರಾನಿಗಿಂತ ಚಿಕ್ಕವು. ಡೀಸೆಲ್ ಎಂಜಿನ್, ವೆಲ್ಡಿಂಗ್, ಬೆಸುಗೆ, ಅನಿಲದ ಜ್ವಾಲೆ, ಕೆಲವು ಲೇಸರ್ ಪ್ರಿಂಟರುಗಳು ಇವುಗಳ ಮೂಲಗಳು. ಇವುಗಳ ಸಂಖ್ಯೆ ಅಪಾರವಾದರೂ ತೂಕ ಅತ್ಯಲ್ಪ. ಆದುದರಿಂದ ಧೂಳನ್ನು ತೂಕದಿಂದ ಅಳೆಯುವ ಪದ್ಧತಿಗೆ ಇವು ಸುಲಭವಾಗಿ ಸಿಕ್ಕುವುದಿಲ್ಲ. ಕೈಯಂತ್ರದೊಳಗೆ ಮದ್ಯಸಾರದ ಆವಿ ಪ್ರತಿ ಕಣದ ಮೇಲೂ ಸಾಂದ್ರೀಕರಿಸಿ ಅದನ್ನು ಹನಿಯಾಗಿ ಬೆಳೆಸುತ್ತದೆ. ಹಾಗೆ ಬೆಳೆದ ಹನಿಗಳನ್ನು ಲೇಸರ್ ಬೆಳಕು ಎಣಿಸುತ್ತದೆ. ಫಲಿತಾಂಶ ಕ್ಷಣಕ್ಷಣಕ್ಕೂ ದೊರೆಯುವುದರಿಂದಲೇ ಮೂಲದ ಬೆನ್ನುಹತ್ತಲು ಸಾಧ್ಯ.

ವಿಷಯ ಕ್ಷುಲ್ಲಕವಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಡೀಸೆಲ್ ಹೊಗೆಯನ್ನೂ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗದಲ್ಲಿ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗದರ್ಶಿಯು ಹೊರಗಿನ ಗಾಳಿಯಲ್ಲಿ ಘನ ಸೆಂಟಿಮೀಟರಿಗೆ ಒಂದು ಗಂಟೆಯ ಸರಾಸರಿ 20,000 ಕಣಗಳನ್ನು ಮೀರಿದರೆ ಅದನ್ನು ಹೆಚ್ಚಿನ ಮಟ್ಟವೆಂದು ಪರಿಗಣಿಸಿದೆ. ಎಂಜಿನ್ನಿನ ಹೊಗೆಯನ್ನು ಬಯಲಿಗೆ ಒಯ್ಯಬೇಕೆಂದು 1948ರ ಕಾರ್ಖಾನೆಗಳ ಅಧಿನಿಯಮವೇ ವಿಧಿಸಿತ್ತು. ಕೊಳವೆ ಹಾಕಿದ ಮಾತ್ರಕ್ಕೆ ಆ ಉದ್ದೇಶ ಈಡೇರುವುದಿಲ್ಲ. ಹೊಗೆ ನಿಜವಾಗಿ ಹೊರಗೆ ಹೋಗುತ್ತಿದೆಯೇ ಎಂಬುದನ್ನು ಪರಿಶೀಲಿಸಬೇಕು.

ಈ ಯಂತ್ರಕ್ಕೂ ಮಿತಿಗಳಿವೆ. ಕಣ ಯಾವುದರಿಂದ ಆದದ್ದೆಂದು ಅದು ಹೇಳಲಾರದು. ಕಾರ್ಬನ್ ಮೊನಾಕ್ಸೈಡ್‌ನಂಥ ವಿಷಾನಿಲಗಳನ್ನು ಪತ್ತೆಹಚ್ಚಲಾರದು. ಬೆಳಗಿನ ಪೂಜೆಯ ಊದುಬತ್ತಿಯೂ ಅಂಕಿಯನ್ನು ಏರಿಸುತ್ತದೆ. ಆದಕಾರಣ ಎಣಿಕೆಯ ಸಮಯ, ಸ್ಥಳ, ಆಗ ನಡೆಯುತ್ತಿದ್ದ ಕೆಲಸ ಇವೆಲ್ಲವನ್ನೂ ದಾಖಲಿಸತಕ್ಕದ್ದು. ಇದು ಪ್ರಮಾಣಪತ್ರ ನೀಡುವ ಸಾಧನವಲ್ಲ, ಮೂಲ ಹುಡುಕುವ ಸಾಧನ. ಶುದ್ಧೀಕರಣ ಯಂತ್ರಗಳು ವ್ಯರ್ಥವೆಂದೂ ನಾನು ಹೇಳುತ್ತಿಲ್ಲ. ಮೂಲವನ್ನು ಮುಚ್ಚದೆ ಅವುಗಳನ್ನು ಕೊಳ್ಳುವುದು ಸೋರುವ ತೊಟ್ಟಿಗೆ ನೀರು ತುಂಬಿಸಿದಂತೆ.

ಇಂಥ ಯಂತ್ರದ ಬೆಲೆ ಲಕ್ಷಗಳಲ್ಲಿದೆ. ಪ್ರತಿಯೊಂದು ಘಟಕವೂ ಅದನ್ನು ಕೊಳ್ಳಬೇಕಾಗಿಲ್ಲ. ವರ್ಷಕ್ಕೆ ಒಂದೆರಡು ದಿನ ದೊರೆತರೆ ಸಾಕು. ನಮ್ಮ ಸಂಸ್ಥೆಯೇ ಒಂದನ್ನು ಖರೀದಿಸಿ, ತರಬೇತಿ ಪಡೆದ ಒಬ್ಬರನ್ನು ನಿಯೋಜಿಸಿ, ಸದಸ್ಯರಿಗೆ ಮಿತ ಬಾಡಿಗೆಗೆ ಒದಗಿಸುವುದು ಸೂಕ್ತ. ವರ್ಷಾಂತ್ಯದಲ್ಲಿ ದಾಸ್ತಾನನ್ನು ಎಣಿಸುವ ನಾವು, ನಮ್ಮ ಕಾರ್ಮಿಕರು ದಿನವೂ ಉಸಿರಾಡುವ ಗಾಳಿಯನ್ನು ಒಮ್ಮೆಯಾದರೂ ಎಣಿಸಬಾರದೇಕೆ? ಮುಂದಿನ ಸಭೆಯಲ್ಲಿ ಪದಾಧಿಕಾರಿಗಳು ಈ ಬಗ್ಗೆ ಚರ್ಚಿಸುವರೆಂದು ಆಶಿಸುತ್ತೇನೆ.