ಬಬಿಯಾ ಅನ್ನ ತಿಂದಿತು, ಮೀನು ಬಿಟ್ಟಿತೇ?

ಕುಂಬಳೆ ಸಮೀಪದ ಅನಂತಪುರ ಕ್ಷೇತ್ರದ ಮೊಸಳೆ ಬಬಿಯಾ ಮಾಂಸವನ್ನೇ ಮುಟ್ಟುತ್ತಿರಲಿಲ್ಲ ಎನ್ನುವವರು ಬಂಟ್ವಾಳ, ಮೂಡುಬಿದಿರೆ ಕಡೆಯೂ ಬೇಕಾದಷ್ಟಿದ್ದಾರೆ. ಅವರ ಸಾಕ್ಷಿ ಒಂದೇ: ಪೂಜೆಯಾದ ಮೇಲೆ ಕೊಟ್ಟ ಅನ್ನದ ನೈವೇದ್ಯವನ್ನು ಅದು ತಿನ್ನುತ್ತಿತ್ತು. ತಿನ್ನುತ್ತಿತ್ತು, ಸರಿ. ಅದರಿಂದ ಬೇರೇನೂ ತಿನ್ನುತ್ತಿರಲಿಲ್ಲ ಎಂದಾಗುವುದು ಹೇಗೆ? ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲೆಯ ದೇವರ ಮೀನುಗಳು ಭಕ್ತರು ಎಸೆದ ಅಕ್ಕಿಗೆ ಮುಗಿಬೀಳುತ್ತವೆ. ಅವು ಹುಳು, ಏಡಿ ಬಿಟ್ಟಿವೆ ಎಂದು ಅಲ್ಲಿ ಯಾರೂ ವಾದಿಸುವುದಿಲ್ಲ. ಅನಂತಪುರದ ಕೆರೆಯಲ್ಲೂ ಮೀನಿದೆ. ಶೀತರಕ್ತದ ಪ್ರಾಣಿಗೆ ದಿನವೂ ಬೇಟೆ ಬೇಕಿಲ್ಲ, ರಾತ್ರಿ ಹಿಡಿದ ಮೀನನ್ನು ಎಣಿಸುತ್ತ ಕೂತವರೂ ಇಲ್ಲ.

ಇನ್ನು ಕೆಲವರದು, ಸುತ್ತ ನದಿಯಿಲ್ಲದ ಕೆರೆಗೆ ಮೊಸಳೆ ಬಂದದ್ದೇ ಪವಾಡ ಎಂಬ ವಾದ. ಮಗ್ಗರ್ ಜಾತಿಯ ಮೊಸಳೆ ನೆಲದ ಮೇಲೆ ದೂರ ನಡೆಯುತ್ತದೆ, ಬಿಲ ತೋಡುತ್ತದೆ. ಬಬಿಯಾ ತಾನೇ 2020ರಲ್ಲಿ ಕೆರೆಯಿಂದ ಮೇಲೆ ಹತ್ತಿ ದೇವಸ್ಥಾನದ ಅಂಗಳಕ್ಕೆ ಬಂದ ಚಿತ್ರ ಊರಿಗೆಲ್ಲ ಹರಿದಾಡಿತಲ್ಲ! ಅದನ್ನು ಹಂಚಿದವರೇ ಈಗ ಮೊಸಳೆಗೆ ದಾರಿ ಎಲ್ಲಿತ್ತು ಎಂದು ಕೇಳುತ್ತಾರೆ.

ವಿಚಾರವಾದಿ ಮಿತ್ರರ ತಕರಾರು ಬೇರೆ. ಇದೂ ಸ್ಕಾಟ್ಲೆಂಡಿನ ಲಾಕ್ ನೆಸ್ ಭೂತದಂಥದೇ ಕಥೆಯಂತೆ. ಇದನ್ನಂತೂ ಒಪ್ಪಲಾರೆ. ಅಲ್ಲಿನ ಪ್ರಸಿದ್ಧ 1934ರ ಫೋಟೋ ಆಟಿಕೆ ಜಲಾಂತರ್ಗಾಮಿಗೆ ತಲೆ ಅಂಟಿಸಿ ತೆಗೆದದ್ದು ಎಂದು 1994ರಲ್ಲಿ ಬಯಲಾಯಿತು. ಸರೋವರದ ನೀರಿನ ಡಿಎನ್‌ಎ ಪರೀಕ್ಷೆಯಲ್ಲಿ ಸರೀಸೃಪದ ಸುಳಿವೇ ಇರಲಿಲ್ಲ, ಹಾವುಮೀನಿನದು ಧಾರಾಳವಾಗಿತ್ತು. ಇಲ್ಲಿ ಹಾಗಲ್ಲ. 2022ರ ಅಕ್ಟೋಬರ್ 9ರ ರಾತ್ರಿ ಸತ್ತ ಬಬಿಯಾವನ್ನು ಜನ ಸಾಲುಗಟ್ಟಿ ನೋಡಿದರು, ಕ್ಷೇತ್ರದ ಆವರಣದಲ್ಲೇ ಹೂಳಲಾಯಿತು. ಕಥೆ ಸುತ್ತಿಕೊಂಡದ್ದು ನಿಜವಾದ ಪ್ರಾಣಿಗೆ.

ದೇವರ ಮೊಸಳೆಗೆ ಅರಣ್ಯ ಇಲಾಖೆಯ ಕಾವಲು ಯಾಕೆ, ಯಾರು ಏನು ಮಾಡುತ್ತಾರೆ ಎನ್ನುವವರಿಗೆ ಅವರದೇ ಕಥೆ ನೆನಪಿಸಬೇಕು: 1945ರಲ್ಲಿ ಬ್ರಿಟಿಷ್ ಸಿಪಾಯಿ ಬಬಿಯಾಗಿಂತ ಹಿಂದೆ ಅದೇ ಕೆರೆಯಲ್ಲಿದ್ದ ಮೊಸಳೆಯನ್ನು ಗುಂಡಿಟ್ಟು ಕೊಂದನಂತೆ. ಅದು ಐತಿಹ್ಯವೆಂದು ಬಿಟ್ಟರೂ ಶಿಶಿಲ ಐತಿಹ್ಯವಲ್ಲ. 1996ರಲ್ಲಿ ಅಲ್ಲಿ ವಿಷ ಹಾಕಿದಾಗ ಸತ್ತವು ದೇವರ ಮೀನುಗಳೇ.

ಬಬಿಯಾ ಯಾರನ್ನೂ ಕಚ್ಚಿಲ್ಲ ಎಂಬುದನ್ನು ಸಂತೋಷದಿಂದ ಒಪ್ಪುತ್ತೇನೆ. ಆದರೆ 2023ರ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಕಾಣಿಸಿದ್ದು ಬೇರೆ ಮೊಸಳೆ. ದಾಂಡೇಲಿಯ ಕಾಳಿ ನದಿಯಲ್ಲಿ ಮನುಷ್ಯರನ್ನು ಎಳೆದೊಯ್ದದ್ದೂ ಮೊಸಳೆಯೇ. ಹೊಸದಕ್ಕೆ ಹಳೆಯದರ ಹೆಸರಿಟ್ಟ ಮಾತ್ರಕ್ಕೆ ಮಕ್ಕಳನ್ನು ಕೆರೆಯ ಮೆಟ್ಟಿಲಿಗೆ ಇಳಿಸಿ ಸೆಲ್ಫಿ ತೆಗೆಯಲಾಗದು.