ಹೆಸರು ಮೈಸೂರಿನದು, ದನಿ ಯಾರದು?

1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಪುಟ್ಟ ಪ್ರೇಷಕಯಂತ್ರವನ್ನಿರಿಸಿ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆ ನಿಲ್ದಾಣವು 'ಆಕಾಶವಾಣಿ' ಎಂದು ಹೆಸರಾಯಿತು. ಸ್ವಾತಂತ್ರ್ಯಾನಂತರ ದೇಶದ ಬಾನುಲಿ ಜಾಲವೇ ಆ ಹೆಸರನ್ನು ತನ್ನದಾಗಿಸಿಕೊಂಡಿತು. 2023ರ ಮೇ ತಿಂಗಳಲ್ಲಂತೂ ಇಂಗ್ಲಿಷಿನ ಹೆಸರನ್ನು ಬಿಟ್ಟು ಇನ್ನು ಮುಂದೆ ಎಲ್ಲೆಡೆ 'ಆಕಾಶವಾಣಿ' ಎಂದೇ ಹೇಳತಕ್ಕದ್ದೆಂದು ಆದೇಶವಾಯಿತು. ನಮ್ಮ ನಾಡಿನ ಹೆಸರಿಗೆ ದೇಶದಲ್ಲಿ ಮನ್ನಣೆ ದೊರೆತದ್ದು ಸಂತೋಷವೇ. ಆದರೆ ಹೆಸರು ಕೊಟ್ಟ ನಾಡಿನ ಸುದ್ದಿ, ಚರಿತ್ರೆ, ಆರೋಗ್ಯ ಇವು ಮೂರೂ ಆ ದನಿಯಲ್ಲಿ ಎಷ್ಟು ಕೇಳಿಸುತ್ತವೆ? ಈ ಪ್ರಶ್ನೆಯನ್ನು ನಾವು ಕೇಳದೆ ಹೋದರೆ ಇನ್ನಾರೂ ಕೇಳುವುದಿಲ್ಲ.

ಇದು ಯಾರದೋ ಔದಾರ್ಯವನ್ನು ಬೇಡುವ ಮಾತಲ್ಲ. ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಸ್ಪಷ್ಟವಾಗಿ ಸಾರಿದೆ. 1990ರಲ್ಲಿ ಅಂಗೀಕೃತವಾಗಿ 1997ರಲ್ಲಿ ಜಾರಿಗೆ ಬಂದ ಪ್ರಸಾರ ಭಾರತಿ ಕಾಯಿದೆಯು ಇನ್ನೂ ಮುಂದೆ ಹೋಗುತ್ತದೆ. ಸಾರ್ವಜನಿಕ ಮಹತ್ವದ ಸಂಗತಿಗಳನ್ನು ಸತ್ಯವಾಗಿಯೂ ನಿಷ್ಪಕ್ಷಪಾತವಾಗಿಯೂ ತಿಳಿಯುವ ಪ್ರಜೆಯ ಹಕ್ಕನ್ನು ಕಾಪಾಡುವುದು, ಕೃಷಿ, ಶಿಕ್ಷಣ, ಆರೋಗ್ಯಗಳಿಗೆ ಗಮನ ಕೊಡುವುದು, ಆಯಾ ಪ್ರದೇಶದ ಭಾಷೆ ಸಂಸ್ಕೃತಿಗಳಿಗೆ ತಕ್ಕ ಸ್ಥಾನ ನೀಡುವುದು, ಇವೆಲ್ಲ ಆ ಸಂಸ್ಥೆಯ ಕರ್ತವ್ಯಗಳೆಂದು ಅದರಲ್ಲಿ ಬರೆದಿದೆ. ಕರ್ತವ್ಯವೆಂದು ಬರೆದದ್ದನ್ನು ಬಿಡುವು ದೊರೆತಾಗ ಮಾಡುವ ಉಪಕಾರವೆಂಬಂತೆ ಕಾಣುವುದು ಸಲ್ಲದು.

"ಎಲ್ಲರ ಕೈಯಲ್ಲೂ ಮೊಬೈಲು, ಮನೆಮನೆಯಲ್ಲೂ ಟೀವಿ ಇರುವಾಗ ರೇಡಿಯೋ ಯಾರಿಗೆ ಬೇಕು?" ಎಂದು ಕೇಳುವವರಿದ್ದಾರೆ. 2018ರ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದುದನ್ನು ಅವರು ನೆನೆಯಲಿ. ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿಯು ಮೊಬೈಲಿನಿಂದ ಮೊಬೈಲಿಗೆ ಹಾರಿತು. ನಿರಪರಾಧಿಯಾದ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಸುಳ್ಳಿಗೆ ನೂರು ಬಾಯಿಗಳಿರುವ ಕಾಲದಲ್ಲಿ, ಪರಿಶೀಲಿಸಿ ಮಾತನಾಡುವ, ಊರಿಗೆಲ್ಲ ಪರಿಚಿತವಾದ ಒಂದು ಬಾಯಿ ಬೇಡವೇ? ಖಾಸಗಿ ಎಫ್.ಎಂ. ವಾಹಿನಿಗಳಿಂದ ಆ ಕೆಲಸವನ್ನು ನಿರೀಕ್ಷಿಸುವಂತಿಲ್ಲ. 2011ರ ನೀತಿಯು ಅವುಗಳಿಗೆ ಆಕಾಶವಾಣಿಯ ವಾರ್ತೆಯನ್ನು ಹಾಗೆಯೇ ಮರುಪ್ರಸಾರ ಮಾಡಲು ಅವಕಾಶ ಕೊಟ್ಟಿತೇ ಹೊರತು ಸ್ವಂತ ವಾರ್ತೆಗೆ ಕೊಡಲಿಲ್ಲ. ರೇಡಿಯೋದಲ್ಲಿ ಸುದ್ದಿ ಹೇಳುವ ಅಧಿಕಾರವನ್ನು ಒಬ್ಬರಿಗೇ ಮೀಸಲಿರಿಸಿದ ಮೇಲೆ ಹೊಣೆಯೂ ಅವರದೇ ಆಗಬೇಕು.

ಆರೋಗ್ಯದ ಮಾತಿಗೆ ಬರೋಣ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯು ಇಂದಿಗೂ ಮಲೆನಾಡನ್ನು ಬಿಟ್ಟಿಲ್ಲ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಹಲವರನ್ನು ಬಲಿ ತೆಗೆದುಕೊಂಡಿತು. 2024ರ ಆರಂಭದಲ್ಲಿಯೂ ಸಾವುಗಳಾದವು. ಕಾಯಿಲೆ ಹರಡುವುದು ಉಣುಗಿನಿಂದ. ಅದು ಹೆಚ್ಚುವುದು ಚಳಿಗಾಲದಿಂದ ಬೇಸಿಗೆಯವರೆಗೆ, ಸೌದೆಗೂ ಕೊಟ್ಟಿಗೆಯ ತರಗೆಲೆಗೂ ಜನ ಕಾಡಿಗೆ ಹೋಗುವ ಕಾಲದಲ್ಲೇ. ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ, ಕಾಡಿನಿಂದ ಬಂದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿರಿ, ಜ್ವರ ಬಂದರೆ ತಡಮಾಡಬೇಡಿರಿ ಎಂಬ ಮೂರು ಮಾತು ಮುಂಜಾನೆ ಕಾಡಿಗೆ ಹೊರಡುವ ಮೊದಲೇ ಕಿವಿಗೆ ಬಿದ್ದರೆ ಜೀವ ಉಳಿದೀತು. ಮೊಬೈಲಿನ ಸಂಕೇತ ಸಿಗದ ಕಣಿವೆಗಳಲ್ಲಿ ಈ ಮಾತನ್ನು ಮುಟ್ಟಿಸಬಲ್ಲದ್ದು ರೇಡಿಯೋ ಒಂದೇ. ಹಾಗೆಯೇ 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ವಿಧಿಸಿತು. ಗದ್ದೆಗೆ ಇಳಿಯುವ ರೈತನಿಗೆ ಈ ವಿಷಯವು ಷೇರು ಪೇಟೆಯ ಏರಿಳಿತಕ್ಕಿಂತ ದೊಡ್ಡ ಸುದ್ದಿಯಲ್ಲವೇ?

ಚರಿತ್ರೆಯ ವಿಷಯವೂ ಹೀಗೆಯೇ. ದೂರದಿಂದ ಬರುವ ಪ್ರಸಾರಕ್ಕೆ ದೇಶದ ಸ್ವಾತಂತ್ರ್ಯವೆಂದರೆ 1947ರ ಆಗಸ್ಟ್ 15. ಆದರೆ ಬೀದರ್, ಕಲಬುರಗಿ, ರಾಯಚೂರುಗಳಿಗೆ ನಿಜಾಮನ ಆಳ್ವಿಕೆಯಿಂದ ಬಿಡುಗಡೆ ದೊರೆತದ್ದು 1948ರ ಸೆಪ್ಟೆಂಬರ್‌ನಲ್ಲಿ. ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಹಿಡಿದ ಜನರ ಮೇಲೆ ಗುಂಡು ಹಾರಿದ ಸಂಗತಿ ನಮ್ಮ ಎಷ್ಟು ಮಕ್ಕಳಿಗೆ ಗೊತ್ತು? ಇಂತಹ ಕಥೆಗಳನ್ನು ಆ ನೆಲದ ನುಡಿಯಲ್ಲೇ ಹೇಳಲೆಂದು ಧಾರವಾಡದಲ್ಲಿ, ಕಲಬುರಗಿಯಲ್ಲಿ, ಭದ್ರಾವತಿಯಲ್ಲಿ, ಮಂಗಳೂರಿನಲ್ಲಿ ನಿಲ್ದಾಣಗಳಾದವು. ಮಂಗಳೂರು ತುಳು, ಕೊಂಕಣಿಗಳಲ್ಲೂ, ಮಡಿಕೇರಿ ಕೊಡವದಲ್ಲೂ ಮಾತನಾಡಿದವು. ಒಂದೇ ಕೇಂದ್ರದಿಂದ ಎಲ್ಲೆಡೆಗೂ ಒಂದೇ ಕಾರ್ಯಕ್ರಮವನ್ನು ಹಂಚಿದರೆ ಖರ್ಚು ಉಳಿಯುತ್ತದೆ ನಿಜ. ಉಳಿದ ಖರ್ಚಿಗೆ ಪ್ರತಿಯಾಗಿ ಕಳೆದುಹೋಗುವುದು ಊರಿನ ನೆನಪು.

ನಿಲ್ದಾಣಗಳು ಮುಚ್ಚುತ್ತವೆಯೆಂಬ ಸುದ್ದಿ ಹಬ್ಬಿದಾಗ, ಎಲ್ಲಿಯೂ ಯಾವ ನಿಲ್ದಾಣವನ್ನೂ ಮುಚ್ಚುವುದಿಲ್ಲವೆಂದು ಪ್ರಸಾರ ಭಾರತಿಯು 2021ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಒಳ್ಳೆಯದು. ಆದರೆ ಬಾಗಿಲಿಗೆ ಬೀಗ ಜಡಿಯುವುದೊಂದೇ ಮುಚ್ಚುವುದಲ್ಲ. ಕಟ್ಟಡವಿದ್ದು, ಯಂತ್ರವಿದ್ದು, ಊರಿನ ಮಾತಿಲ್ಲದಿದ್ದರೆ ಅದು ಎಣ್ಣೆಯಿಲ್ಲದ ದೀಪ. ಪ್ರಸಾರ ಭಾರತಿಯ ಮೂಲಸೌಕರ್ಯಕ್ಕಾಗಿ ಕೇಂದ್ರ ಸಚಿವ ಸಂಪುಟವು 2023ರ ಜನವರಿಯಲ್ಲಿ 2,539 ಕೋಟಿ ರೂಪಾಯಿಗಳಿಗೆ ಒಪ್ಪಿಗೆ ನೀಡಿತು. ಯಂತ್ರಗಳು ಬರಲಿ. ಆದರೆ ಯಂತ್ರ ತಾನಾಗಿ ಸುದ್ದಿ ತಾರದು. ಅದಕ್ಕೆ ಜಿಲ್ಲೆಯಲ್ಲಿ ಅಲೆದಾಡುವ ವರದಿಗಾರ ಬೇಕು, ಅವನು ಬಾಳುವಷ್ಟು ವೇತನ ಬೇಕು.

ಇನ್ನೊಂದು ಆಕ್ಷೇಪವಿದೆ: "ಅದು ಸರ್ಕಾರದ ತುತ್ತೂರಿ, ಅದರಿಂದ ಏನನ್ನು ನಿರೀಕ್ಷಿಸುವುದು?" ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. 1975ರ ತುರ್ತುಪರಿಸ್ಥಿತಿಯಲ್ಲಿ ಬಾನುಲಿ ಆಳುವವರ ದನಿಯಾಯಿತು. ಆ ಕಹಿ ಅನುಭವದಿಂದಲೇ ವರ್ಗೀಸ್ ಸಮಿತಿ ರಚನೆಯಾಗಿ, ಸ್ವಾಯತ್ತತೆಯ ಬೇಡಿಕೆ ಬಲಗೊಂಡು, ಕೊನೆಗೆ ಕಾಯಿದೆ ಬಂದಿತು. ಅಂದರೆ ಸ್ವಾಯತ್ತತೆಯನ್ನು ಕೇಳಿ ಪಡೆಯಲಾಯಿತು, ಕೇಳಿಯೇ ಉಳಿಸಿಕೊಳ್ಳಬೇಕು. ಬಾವಿಯ ನೀರು ಕದಡಿದೆಯೆಂದು ಊರವರು ಬಾವಿಯನ್ನೇ ತೊರೆದರೆ ಅದು ಹೂಳು ತುಂಬಿ ಹೋದೀತು.

ಆದ್ದರಿಂದ ನಮ್ಮ ಕುಟುಂಬಗಳು ಎರಡು ಕೆಲಸಗಳನ್ನಾದರೂ ಮಾಡಬಹುದು. ಮೊದಲನೆಯದು, ಕೇಳುವುದು; ಕೇಳಿ ಬರೆಯುವುದು. ಒಳ್ಳೆಯ ಕಾರ್ಯಕ್ರಮಕ್ಕೆ ಮೆಚ್ಚುಗೆಯ ಪತ್ರ, ಊರಿನ ಸುದ್ದಿ ಬಾರದಿದ್ದಾಗ ಆಕ್ಷೇಪಣೆಯ ಪತ್ರ. ಕೇಳುಗರಿಲ್ಲವೆಂಬ ನೆಪಕ್ಕೆ ಪತ್ರಗಳ ಕಟ್ಟೇ ತಕ್ಕ ಉತ್ತರ. ಎರಡನೆಯದು, ನಮ್ಮ ಸಂಸದರನ್ನು ಪ್ರಶ್ನಿಸುವುದು. ಮತ ಕೇಳಲು ಬಂದಾಗ ರಸ್ತೆ, ಸೇತುವೆಗಳ ಜೊತೆಗೆ ಇದನ್ನೂ ಕೇಳೋಣ: ನಮ್ಮ ಜಿಲ್ಲೆಯ ನಿಲ್ದಾಣದಲ್ಲಿ ದಿನಕ್ಕೆ ಎಷ್ಟು ಹೊತ್ತು ನಮ್ಮ ಜಿಲ್ಲೆಯದೇ ಮಾತು ಕೇಳಿಬರುತ್ತದೆ?

ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು ಹರ್ಮನ್ ಮೋಗ್ಲಿಂಗ್ ಅವರು 1843ರಲ್ಲಿ ಕಲ್ಲಚ್ಚಿನಲ್ಲಿ ಹೊರತಂದರು. ಜನರ ಸುದ್ದಿ ಜನರ ನುಡಿಯಲ್ಲಿ ಜನರನ್ನು ಮುಟ್ಟಬೇಕೆಂಬ ಹಂಬಲ ಈ ನಾಡಿಗೆ ಹೊಸದಲ್ಲ. ಆಗ ಕಲ್ಲು ಕನ್ನಡ ಮಾತನಾಡಿತು. ಈಗ ಆಕಾಶವೇ ನಮ್ಮದಿದೆ. ಅದು ಮೂಕವಾಗದಂತೆ ನೋಡಿಕೊಳ್ಳುವ ಹೊಣೆಯೂ ನಮ್ಮದೇ.