ಮೈಕ್ರೋಬಯಾಲಜಿ ಓದುವವರಿಗೂ ಸಂಘದ ಆಸರೆ ಇರಲಿ

1896ರಲ್ಲಿ ಪ್ಲೇಗ್ ಮಾರಿ ಮುಂಬಯಿಯನ್ನು ನಡುಗಿಸಿದಾಗ ವಾಲ್ಡೆಮಾರ್ ಹಾಫ್‌ಕಿನ್ ಇದೇ ನಗರದಲ್ಲಿ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಪರೇಲ್‌ನ ಹಾಫ್‌ಕಿನ್ ಸಂಸ್ಥೆ ಅವರ ಹೆಸರನ್ನೇ ಹೊತ್ತಿದೆ. 2020ರಲ್ಲಿ ಕೊರೋನಾ ಬಂದಾಗಲೂ ಪ್ರಯೋಗಾಲಯಗಳಲ್ಲಿ ಹಗಲಿರುಳು ದುಡಿದವರಲ್ಲಿ ಮೈಕ್ರೋಬಯಾಲಜಿ, ಅಂದರೆ ಸೂಕ್ಷ್ಮಜೀವಶಾಸ್ತ್ರ ಕಲಿತವರಿದ್ದರು.

ಆದರೂ ನಮ್ಮ ಎಷ್ಟೋ ಮನೆಗಳಲ್ಲಿ ಇದು ಮೆಡಿಕಲ್ ಸೀಟು ಸಿಗದವರ ಓದು ಎಂಬ ತಾತ್ಸಾರವಿದೆ. ಬರೇ ಬಿ.ಎಸ್ಸಿ.ಯಿಂದ ಒಳ್ಳೆಯ ಕೆಲಸ ಸಿಗುವುದು ಕಷ್ಟ. ಎಂ.ಎಸ್ಸಿ. ಮಾಡಿದರೆ ಔಷಧ ಕಂಪೆನಿ, ಡೇರಿ, ಆಹಾರ ಮತ್ತು ನೀರಿನ ಪರೀಕ್ಷಾಲಯ, ಸಂಶೋಧನೆಯ ಬಾಗಿಲುಗಳು ತೆರೆಯುತ್ತವೆ. ಆ ಎರಡು ವರ್ಷಗಳ ಖರ್ಚಿಗೆ ಹೆದರಿ ಓದು ನಿಲ್ಲಿಸುವ ಮಕ್ಕಳು ನಮ್ಮಲ್ಲೂ ಇದ್ದಾರೆ.

ಇಡ್ಲಿ ಹಿಟ್ಟು ಬೆಳಗಾಗುವುದರೊಳಗೆ ಉಬ್ಬುವುದೂ ಸೂಕ್ಷ್ಮಜೀವಿಗಳಿಂದಲೇ. ಆ ಇಡ್ಲಿಯಿಂದಲೇ ಈ ನಗರದಲ್ಲಿ ನೆಲೆ ಕಂಡ ಹೊಟೇಲು ಉದ್ಯಮಿಗಳು ನಮ್ಮ ಸಂಘಗಳ ದಾನಿಗಳೂ ಹೌದು. ಹತ್ತನೇ, ಹನ್ನೆರಡನೇ ತರಗತಿಯವರಿಗೆ ಪ್ರತಿಭಾ ಪುರಸ್ಕಾರ ನೀಡಿ ಬೆನ್ನು ತಟ್ಟುವುದು ಒಳ್ಳೆಯದೇ, ಅಲ್ಲಿಗೇ ನಿಲ್ಲುವುದು ಸಾಲದು. ಪ್ರತಿಯೊಂದು ಸಂಘವೂ ಎಂ.ಎಸ್ಸಿ. ಓದುವ ಒಬ್ಬರಿಗಾದರೂ ಎರಡು ವರ್ಷದ ಶುಲ್ಕ ಭರಿಸಲಿ. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಈ ಬಗ್ಗೆ ಒಂದು ಗೊತ್ತುವಳಿ ಬರಲಿ.